ಕುರುಬ ಇದ್ದ ಮೇಲೂ ಕೊರತೆ ಯಾಕೆ ಬಂತು, ಟೀಚರ್?

ಹೋದ ವರ್ಷ ಜೂನ್ ತಿಂಗಳ ಒಂದು ಭಾನುವಾರ. ನಮ್ಮ ಚರ್ಚಿನ ಸಂಡೇ ಸ್ಕೂಲಿನಲ್ಲಿ ಬೈಬಲಿನ 23ನೇ ಕೀರ್ತನೆ ಬಾಯಿಪಾಠ ಒಪ್ಪಿಸುವ ದಿನ. 8 ವರ್ಷದ ಒಬ್ಬ ಹುಡುಗ ಎದ್ದು ನಿಂತ. ಕೈಕಟ್ಟಿ, ಕಣ್ಣು ಮುಚ್ಚಿ, "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಎಂದು ಶುರು ಮಾಡಿದವನು ಒಂದೂ ತಪ್ಪಿಲ್ಲದೆ ಕೊನೆಯವರೆಗೆ ಹೇಳಿ ಮುಗಿಸಿದ. ನಾನು ಅವನ ಕಾರ್ಡಿಗೆ ನಕ್ಷತ್ರದ ಸ್ಟಿಕ್ಕರ್ ಅಂಟಿಸಿದೆ. ಆದರೆ ಅವನು ತನ್ನ ಜಾಗಕ್ಕೆ ಹೋಗಲಿಲ್ಲ.

"ಟೀಚರ್, ಒಂದ್ ಮಾತ್ ಕೇಳ್ಲೇನ್ರೀ? ಕುರುಬ ಇದ್ದ ಮ್ಯಾಲೂ ಕೊರತಿ ಯಾಕ ಬಂತ್ರೀ?"

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಆಮೇಲೆ ಹೊಳೆಯಿತು. "ಪಡೆನು" ಅನ್ನುವುದು ಆ ಮಗುವಿನ ಕಿವಿಗೆ "ಪಡೆದೆನು" ಎಂದು ಕೇಳಿಸಿದೆ. ಬಾರೆನು ಅಂದರೆ ಬರುವುದಿಲ್ಲ, ಮಾಡೆನು ಅಂದರೆ ಮಾಡುವುದಿಲ್ಲ. ಹಾಗೆಯೇ ಪಡೆನು ಅಂದರೆ ಪಡುವುದಿಲ್ಲ. ಇದು ಹಳೆಯ ಕನ್ನಡದ ರೂಪ. ಈಗ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಹೀಗೆ ಯಾರು ಮಾತಾಡುತ್ತಾರೆ? ದೇವರು ನನ್ನನ್ನು ಕಾಯುವವನು, ನನಗೆ ಏನೂ ಕಡಿಮೆಯಾಗುವುದಿಲ್ಲ ಎಂದು ಹೇಳುವ ಸಾಲನ್ನು ಅವನು ವಾರವಿಡೀ ಉಲ್ಟಾ ಅರ್ಥದಲ್ಲಿ ಕಲಿತಿದ್ದ. ದೇವರು ಇದ್ದಾನೆ, ಆದರೂ ನನಗೆ ಕೊರತೆಯಾಯಿತು ಅಂತ.

ಅವತ್ತು ಕ್ಲಾಸಿನಲ್ಲಿದ್ದ 19 ಮಕ್ಕಳನ್ನೂ ಕೇಳಿದೆ. ಸರಿಯಾದ ಅರ್ಥ ಹೇಳಿದವರು 3 ಜನ. ಉಳಿದವರಲ್ಲಿ ಕೆಲವರು ಈ ಹುಡುಗನ ಹಾಗೆಯೇ ತಿಳಿದಿದ್ದರು. ಮಿಕ್ಕವರು ಅದಕ್ಕೊಂದು ಅರ್ಥ ಇದೆ ಅಂತಲೇ ಯೋಚಿಸಿರಲಿಲ್ಲ. ನಾನು 11 ವರ್ಷದಿಂದ ಈ ಕೀರ್ತನೆ ಕಲಿಸುತ್ತಿದ್ದೇನೆ. ಎಷ್ಟು ಮಕ್ಕಳಿಗೆ ಸ್ಟಿಕ್ಕರ್ ಅಂಟಿಸಿದ್ದೇನೋ! ಅವರಲ್ಲಿ ಎಷ್ಟು ಜನ ತಪ್ಪು ಅರ್ಥವನ್ನೇ ಹೊತ್ತುಕೊಂಡು ಮನೆಗೆ ಹೋದರೋ. ಆ ರಾತ್ರಿ ನಿದ್ದೆ ಬರಲಿಲ್ಲ.

ಅವತ್ತಿನಿಂದ ತಲೆಯಲ್ಲಿ ಸುತ್ತುತ್ತಿರುವ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಮಕ್ಕಳಿಗೆ ಒಪ್ಪಿಸುವುದನ್ನು ಕಲಿಸುತ್ತೇವೆ, ಕೇಳುವುದನ್ನು ಕಲಿಸುವುದಿಲ್ಲ. ಕೇಳಿದರೆ ನಮಗೆ ಕಿರಿಕಿರಿ. ಆರಾಧನೆ ಮುಗಿಯುವುದರೊಳಗೆ ಪಾಠ ಮುಗಿಯಬೇಕು. ವಾರ್ಷಿಕೋತ್ಸವಕ್ಕೆ ಬೈಬಲ್ ವಾಕ್ಯ ತಯಾರಾಗಬೇಕು. ಕ್ರಿಸ್‌ಮಸ್ ನಾಟಕಕ್ಕೆ ಕುರುಬರ ತಲೆಗೆ ಟವೆಲ್ ಸುತ್ತಬೇಕು. ಇದರ ಮಧ್ಯೆ ಒಂದು ಮಗು ಕೈ ಎತ್ತಿದರೆ "ಆಮೇಲೆ ಹೇಳ್ತೀನಿ, ಕೂತ್ಕೋ" ಅನ್ನುತ್ತೇವೆ. ಆ ಆಮೇಲೆ ಬರುವುದೇ ಇಲ್ಲ.

ಸಂಡೇ ಸ್ಕೂಲ್ ಹುಟ್ಟಿದ್ದು ಇದಕ್ಕಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್ ಎಂಬ ಊರಿನಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕೆಯ ಮಾಲೀಕರು ಇದನ್ನು ಶುರು ಮಾಡಿದರು. ಆ ಊರಿನ ಬಡ ಮಕ್ಕಳು ವಾರದ 6 ದಿನ ದುಡಿಯುತ್ತಿದ್ದರು. ಅವರಿಗೆ ಬಿಡುವಿದ್ದದ್ದು ಭಾನುವಾರ ಮಾತ್ರ. ಆ ಒಂದು ದಿನ ಅವರನ್ನು ಕೂರಿಸಿಕೊಂಡು ಮೊದಲು ಕಲಿಸಿದ್ದು ಅಕ್ಷರ. ಸತ್ಯವೇದವನ್ನು, ಅಂದರೆ ಬೈಬಲನ್ನು, ತಾವೇ ಓದಿ ತಿಳಿದುಕೊಳ್ಳಲಿ ಅಂತ. ಬೇಸಿಗೆ ರಜೆಯ ವಿಬಿಎಸ್ (ವೆಕೇಶನ್ ಬೈಬಲ್ ಸ್ಕೂಲ್) ಕಥೆಯೂ ಹಾಗೇ. 1898ರಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬ ಹೆಣ್ಣುಮಗಳು, ರಜೆಯಲ್ಲಿ ಬೀದಿ ಅಲೆಯುವ ಮಕ್ಕಳಿಗಾಗಿ ಶುರು ಮಾಡಿದ ಬೈಬಲ್ ಶಾಲೆ ಅದರ ಬೇರು. ಯಾರಿಗೂ ಬೇಡವಾದ ಮಕ್ಕಳ ಪಕ್ಕದಲ್ಲಿ ಯಾರೋ ಬಂದು ಕೂತರು. ಅಷ್ಟೇ.

ನಮ್ಮ ನಾಡಿನಲ್ಲೂ ಅಕ್ಷರದಿಂದಲೇ ಶುರುವಾಯಿತು. ಬಳ್ಳಾರಿಯಲ್ಲಿ ಮಿಶನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ವರ್ಷಗಟ್ಟಲೆ ಕೂತು 1831ರ ಹೊತ್ತಿಗೆ ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದರು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಬಂದು ಮಂಗಳೂರಿನಲ್ಲಿ ನೆಲೆಯೂರಿದರು. ಶಾಲೆ ತೆರೆದರು, ಅಚ್ಚುಕೂಟ ಹಾಕಿದರು. 1843ರಲ್ಲಿ ಅದೇ ಮಿಶನ್ನಿನ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದರು. ಕಿಟೆಲ್ ಅವರ ನಿಘಂಟು 1894ರಲ್ಲಿ ಬಂತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿನ ಮುಂದೆ ನಾವು ದಿನಾ ಓಡಾಡುತ್ತೇವೆ. ದೂರದ ಜರ್ಮನಿಯಿಂದ ಬಂದ ಮನುಷ್ಯ ಒಂದೊಂದು ಕನ್ನಡ ಪದಕ್ಕೂ "ಇದರ ಅರ್ಥ ಏನು" ಎಂದು ಕೇಳುತ್ತಾ ಜೀವಮಾನ ಸವೆಸಿದರು. ಅದೇ ಪರಂಪರೆಯ ಸಭೆಯಲ್ಲಿ ಕೂತ ನಾನು, ಕೊರತೆಪಡೆನು ಎಂಬ ಒಂದು ಪದದ ಅರ್ಥವನ್ನು 11 ವರ್ಷ ಬಿಡಿಸಿ ಹೇಳಲಿಲ್ಲ.

ಈಗಿನ ಪರಿಸ್ಥಿತಿ ಹೇಳುತ್ತೇನೆ ಕೇಳಿ. ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡುತ್ತಾರೆ, ಆದರೆ ಸಲೀಸಾಗಿ ಓದಲು ಬರುವುದಿಲ್ಲ. ವಾಕ್ಯ ಕಲಿಸಲು ತಾಯಂದಿರು ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ವಾಕ್ಯ ಬರೆದು ಕಳಿಸುತ್ತಾರೆ. ಮಗು ಅದನ್ನು ಮಂತ್ರದ ಹಾಗೆ ಉರು ಹೊಡೆಯುತ್ತದೆ. ಒತ್ತಕ್ಷರ ಎಲ್ಲಿ, ದೀರ್ಘ ಎಲ್ಲಿ, ಪದ ಎಲ್ಲಿ ಮುರಿಯಬೇಕು, ಏನೂ ಗೊತ್ತಿಲ್ಲ.

"ಹಂಗಾದ್ರ ಇಂಗ್ಲಿಷಿನ್ಯಾಗ ಕಲಸ್ರಲ್ಲ ಅಕ್ಕಾರ" ಎಂದು ಒಬ್ಬ ತಂದೆ ಹೇಳಿದರು. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮಗುವಿಗೆ ಯಾವ ಭಾಷೆಯಲ್ಲಿ ತಿಳಿಯುತ್ತದೋ ಅದರಲ್ಲಿ ಕಲಿಸಬೇಕು, ನಿಜ. ಆದರೆ ಈ ಮಕ್ಕಳು ಅಳುವುದು ಕನ್ನಡದಲ್ಲಿ, ಜಗಳ ಆಡುವುದು ಕನ್ನಡದಲ್ಲಿ, ರಾತ್ರಿ ಅಜ್ಜಿಯ ಪಕ್ಕ ಮಂಡಿಯೂರಿ ಪ್ರಾರ್ಥನೆ ಮಾಡುವುದು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಪಾಠ ಮಾಡಿದಾಗ ಅವರು ಶಾಲೆಯ ಮುಖ ಹಾಕಿಕೊಂಡು ಕೂರುತ್ತಾರೆ. ಸರಿ ಉತ್ತರ ಕೊಡುತ್ತಾರೆ, ಪ್ರಶ್ನೆ ಕೇಳುವುದಿಲ್ಲ. ಕನ್ನಡಕ್ಕೆ ಬಂದ ಕೂಡಲೇ ಬಾಯಿ ಬಿಡುತ್ತಾರೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಚಿಕ್ಕ ಮಕ್ಕಳ ಮಾತು ಹೀಗಾದರೆ, ದೊಡ್ಡ ಮಕ್ಕಳದು ಇನ್ನೂ ನೋವಿನ ಕಥೆ. ದೃಢೀಕರಣದ ದಿನ, ಅಂದರೆ ಬೆಳೆದ ಮಕ್ಕಳು ತಮ್ಮ ನಂಬಿಕೆಯನ್ನು ತಾವೇ ಒಪ್ಪಿಕೊಳ್ಳುವ ದಿನ, ಬಿಳಿ ಬಟ್ಟೆ ಹಾಕಿಕೊಂಡು ಸಾಲಾಗಿ ಬಿಷಪ್ಪರ ಮುಂದೆ ಮಂಡಿಯೂರುತ್ತಾರೆ. ಮನೆಯಲ್ಲಿ ಬಿರಿಯಾನಿ, ಫೋಟೋ, ಬಂಧುಬಳಗ. ಮುಂದಿನ ತಿಂಗಳಿನಿಂದ ಒಬ್ಬೊಬ್ಬರಾಗಿ ಕಾಣೆ. ಟ್ಯೂಷನ್, ಮೊಬೈಲ್, ಬೆಂಗಳೂರು ಎಂದು ನಾವು ಕಾರಣ ಹೇಳುತ್ತೇವೆ. ಅವೂ ಇರಬಹುದು. ಆದರೆ ನಾನು ಮರೆಯಲಾರದ ಒಬ್ಬ ಹುಡುಗ ಇದ್ದಾನೆ. ದೃಢೀಕರಣದ ತರಗತಿಯಲ್ಲಿ, ಸೃಷ್ಟಿಯ ಕಥೆ ಇರುವ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಬಗ್ಗೆ ಅವನು ಕೇಳಿದ್ದ: "ಸೈನ್ಸ್ ಪುಸ್ತಕದಾಗ ಭೂಮಿಗೆ ಕೋಟಿಗಟ್ಟಲೆ ವರ್ಷ ಅಂತ ಐತಿ, ಆದಿಕಾಂಡದಾಗ 6 ದಿವಸ ಅಂತ ಐತಿ. ನಾ ಎರಡನ್ನೂ ಪರೀಕ್ಷೆದಾಗ ಬರೀಬೇಕಲ್ಲ, ಯಾವ್ದು ಖರೆ?" ಪಾಠ ಮಾಡುತ್ತಿದ್ದ ಹಿರಿಯರು, "ಅವೆಲ್ಲ ಕೇಳಬಾರದು, ನಂಬಬೇಕು" ಅಂದರು. ಹುಡುಗ ಸುಮ್ಮನೆ ಕೂತ. ನಾನೂ ಅದೇ ಕೋಣೆಯಲ್ಲಿ ಹಾಜರಿ ಪುಸ್ತಕ ಹಿಡಿದು ಕೂತಿದ್ದೆ. ಒಂದು ಮಾತು ಆಡಲಿಲ್ಲ. ತರಗತಿ ಮುಗಿದ ಮೇಲಾದರೂ ಅವನನ್ನು ಕರೆದು ಮಾತಾಡಿಸಬಹುದಿತ್ತು. ಆದಿಕಾಂಡ ಯಾವ ರೀತಿಯ ಬರಹ, ಅದು ಏನನ್ನು ಹೇಳಲು ಹೊರಟಿದೆ ಎಂದು ಕೂತು ನೋಡಬಹುದಿತ್ತು. ಮಾಡಲಿಲ್ಲ. ಅವನೀಗ ಇಂಜಿನಿಯರ್. ಊರಿಗೆ ಬಂದಾಗ ತಾಯಿಯನ್ನು ಸಭೆಯ ಗೇಟಿನ ತನಕ ಬೈಕಿನಲ್ಲಿ ಬಿಟ್ಟು ಹೋಗುತ್ತಾನೆ.

ಕೇಳಬಾರದು ಎಂದು ಯಾರು ಹೇಳಿದ್ದು? ಯೇಸುಸ್ವಾಮಿಯ ಬಾಲ್ಯದ ಬಗ್ಗೆ, ಹುಟ್ಟಿದ ಹೊಸತರ ಸಂಗತಿಗಳನ್ನು ಬಿಟ್ಟರೆ, ಅವರ ಜೀವನ ಹೇಳುವ ಸುವಾರ್ತೆ ಪುಸ್ತಕಗಳಲ್ಲಿ ಇರುವುದು ಒಂದೇ ಒಂದು ಘಟನೆ. ಲೂಕನು 2ನೇ ಅಧ್ಯಾಯದಲ್ಲಿ ಬರೆದಿದ್ದಾನೆ. 12 ವರ್ಷದ ಹುಡುಗ ಹಬ್ಬಕ್ಕೆ ಯೆರೂಸಲೇಮಿಗೆ ಹೋಗಿ ಅಲ್ಲೇ ಉಳಿದುಬಿಡುತ್ತಾನೆ. ತಂದೆತಾಯಿ 3 ದಿನ ಹುಡುಕಿ ದೇವಾಲಯಕ್ಕೆ ಬಂದರೆ, ಅವನು ಬೋಧಕರ ನಡುವೆ ಕೂತು ಅವರ ಮಾತು ಕೇಳುತ್ತಾ ಪ್ರಶ್ನೆ ಮಾಡುತ್ತಿದ್ದಾನೆ. ನಮ್ಮ ಸೀನಿಯರ್ ಕ್ಲಾಸಿನ ಮಕ್ಕಳ ವಯಸ್ಸೇ ಅದು! ಯೆಹೂದ್ಯರ ಮನೆಗಳಲ್ಲಿ ಪಸ್ಕ ಹಬ್ಬದ ರಾತ್ರಿ ಊಟದ ಹೊತ್ತಿಗೆ ಎಲ್ಲರಿಗಿಂತ ಚಿಕ್ಕ ಮಗು ಪ್ರಶ್ನೆ ಕೇಳುವ ಪದ್ಧತಿ ಇವತ್ತಿಗೂ ಇದೆ. ಹಬ್ಬದ ಕಥೆಯನ್ನು ಹೇಳುವುದೇ ಆ ಪ್ರಶ್ನೆಗೆ ಉತ್ತರವಾಗಿ. ಧರ್ಮಸುಧಾರಕ ಲೂಥರ್ 1529ರಲ್ಲಿ ಮನೆಮಂದಿಗಾಗಿ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ 10 ಆಜ್ಞೆಗಳ ಒಂದೊಂದರ ಕೆಳಗೂ ಇರುವ ಪ್ರಶ್ನೆ ಒಂದೇ: ಇದರ ಅರ್ಥವೇನು? ನಾವು ಉತ್ತರಗಳನ್ನು ಉರು ಹೊಡೆಸಿದೆವು. ಪ್ರಶ್ನೆಯನ್ನು ಬಿಟ್ಟುಬಿಟ್ಟೆವು.

ಹೋದ ಜುಲೈಯಿಂದ ನಾವು 3 ಜನ ಟೀಚರ್‌ಗಳು ಸೇರಿ ಸಣ್ಣ ಬದಲಾವಣೆ ಮಾಡಿಕೊಂಡಿದ್ದೇವೆ. ತಿಂಗಳಿಗೆ 4 ವಾಕ್ಯದ ಬದಲು ಒಂದೇ ವಾಕ್ಯ. ಮೊದಲ ಕಾಲು ಗಂಟೆ ಕನ್ನಡ ಓದುವುದು. ನಮ್ಮ ಸಭೆಯಲ್ಲೇ ರಿಟೈರಾದ ಕನ್ನಡ ಮಾಸ್ತರರು ಒಬ್ಬರಿದ್ದಾರೆ. ಇಷ್ಟು ವರ್ಷ ಅವರಿಗೆ ಕಾಣಿಕೆ ಎಣಿಸುವ ಕೆಲಸ ಮಾತ್ರ ಕೊಟ್ಟಿದ್ದೆವು. ಈಗ ಅವರು ಕಪ್ಪು ಹಲಗೆ ಹಿಡಿದು ಬರುತ್ತಾರೆ. ಬಾರೆನು, ಕಾಣೆನು, ಪಡೆನು ಎಂದು ಬರೆದು ಆಟ ಆಡಿಸುತ್ತಾರೆ. ಒಂದು ಖಾಲಿ ಹಾರ್ಲಿಕ್ಸ್ ಬಾಟಲಿ ಇಟ್ಟಿದ್ದೇವೆ. ಅದರಲ್ಲಿ ಯಾರು ಬೇಕಾದರೂ ಪ್ರಶ್ನೆಯ ಚೀಟಿ ಹಾಕಬಹುದು, ಹೆಸರು ಬರೆಯಬೇಕಿಲ್ಲ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಮುಂದಿನ ವಾರ ನೋಡಿಕೊಂಡು ಬರ್ತೀನಿ" ಎಂದು ಟೀಚರ್ ಹೇಳಲೇಬೇಕು ಎಂಬುದು ನಮ್ಮ ನಿಯಮ. ಆ ಮಾತು ಮೊದಲ ಸಲ ಹೇಳಿದಾಗ ನನ್ನ ಗಂಟಲು ಕಟ್ಟಿತ್ತು. ಮಕ್ಕಳಿಗೆ ಏನೂ ಅನ್ನಿಸಲಿಲ್ಲ. ಮುಂದಿನ ವಾರ ಮರೆಯದೆ ನೆನಪಿಸಿದರು.

ಜನವರಿಯಲ್ಲಿ ಊರಾಚೆಯ ಕಪ್ಪು ಹೊಲದಲ್ಲಿ ಕುರಿ ಮಂದೆ ಬಂದು ಇಳಿದಿತ್ತು. ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಾಗಿ ರೈತರು ಹೊಲದಲ್ಲಿ ಕುರಿ ನಿಲ್ಲಿಸುತ್ತಾರಲ್ಲ, ಹಾಗೆ. ಒಂದು ಶನಿವಾರ ಸಂಜೆ 9 ಮಕ್ಕಳನ್ನು ಕರೆದುಕೊಂಡು ಹೋದೆವು. ಸುತ್ತ ಬಲೆ ಕಟ್ಟಿದ್ದರು. ಮೊನ್ನೆ ಮೊನ್ನೆ ಹುಟ್ಟಿದ ಮರಿಗಳನ್ನು ಬಿದಿರು ಬುಟ್ಟಿ ಬೋರಲು ಹಾಕಿ ಮುಚ್ಚಿಟ್ಟಿದ್ದರು. ಕುರುಬಣ್ಣನ ಕೈಯಲ್ಲಿ ಉದ್ದನೆಯ ಗಳ, ತುದಿಗೆ ಕುಡಗೋಲು ಕಟ್ಟಿತ್ತು. ಜಾಲಿ ಮರದ ಟೊಂಗೆ ಎಳೆದು ಕುರಿಗಳಿಗೆ ಸೊಪ್ಪು ಉದುರಿಸಲು. ಕೀರ್ತನೆಯಲ್ಲಿ ಬರುವ ಕೋಲು ಹೊಡೆಯುವುದಕ್ಕೆ ಎಂದೇ ನಮ್ಮ ಹುಡುಗರು ತಿಳಿದಿದ್ದರು. "ಇದು ಉಣ್ಣಸೂ ಕೋಲು" ಎಂದು ಒಬ್ಬಳು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು.

ಯೇಸುಸ್ವಾಮಿ ಹೇಳಿದ ಕಳೆದುಹೋದ ಕುರಿಯ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ನೆನೆದು ಇನ್ನೊಬ್ಬ ಹುಡುಗ ಕುರುಬಣ್ಣನನ್ನೇ ನೇರವಾಗಿ ಕೇಳಿದ. "ಕಾಕಾ, ಒಂದು ಕುರಿ ಕಳದ್ರ 99 ಬಿಟ್ಟು ಹುಡಕಾಕ ಹೊಕ್ಕೀರೇನು?"

ಅವರು ಸ್ವಲ್ಪ ಯೋಚಿಸಿದರು. "ಹೊಕ್ಕೀನಿ. ಆದ್ರ ಉಳಿದವನ್ನ ಸುಮ್ನ ಬಿಟ್ಟು ಹೋಗೂದಿಲ್ಲಪಾ. ತಮ್ಮಗ ನೋಡ್ಕೊ ಅಂತ ಹೇಳಿ ಹೊಕ್ಕೀನಿ. ತೋಳ ಬರ್ತೈತಲ್ಲ?"

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ವಾದವೋ ವಾದ. ಸಾಮ್ಯದಲ್ಲಿ ಆ ತಮ್ಮ ಯಾರು? ಉಳಿದ 99 ಕುರಿ ಹೆದರಲಿಲ್ಲವಾ? ಉಳಿದವರನ್ನು ನೋಡಿಕೊಳ್ಳುವುದು ಸಭೆಯ ಕೆಲಸ ಇರಬಹುದು ಅಂತ ಒಬ್ಬ, ದೇವರಿಗೆ ಎರಡೂ ಕಡೆ ಇರಲು ಬರುತ್ತದೆ ಅಂತ ಇನ್ನೊಬ್ಬಳು. ನಾನು ನಡುವೆ ಬಾಯಿ ಹಾಕಲಿಲ್ಲ. ಆ ಸಾಮ್ಯವನ್ನು ನಾನು ಎಷ್ಟೋ ಸಲ ಫ್ಲಾನೆಲ್ ಬೋರ್ಡಿನ ಮೇಲೆ ಚಿತ್ರ ಅಂಟಿಸಿ ಹೇಳಿದ್ದೇನೆ. ಅಷ್ಟು ಬಿಸಿ ಚರ್ಚೆ ಯಾವತ್ತೂ ಆಗಿರಲಿಲ್ಲ.

ಸಭಾ ಸಮಿತಿಯಲ್ಲಿರುವ ಹಿರಿಯರಿಗೆ ಒಂದು ಮಾತು. ಹೊಸ ಸೌಂಡ್ ಸಿಸ್ಟಮ್ ಬೇಕು, ಟೈಲ್ಸ್ ಬೇಕು, ಒಪ್ಪಿಕೊಳ್ಳುತ್ತೇನೆ. ಆದರೆ ಮಕ್ಕಳು ಇವತ್ತಿಗೂ ಚಪ್ಪಲಿ ಬಿಡುವ ಜಾಗದ ಪಕ್ಕ ಚಾಪೆ ಹಾಸಿಕೊಂಡು ಕೂರುತ್ತಾರೆ. ಮಳೆ ಬಂದರೆ ಆವತ್ತು ಪಾಠ ಇಲ್ಲ. ಪಿಯುಸಿ ಓದುವ ಹುಡುಗಿಯರ ಕೈಗೆ ಒಂದು ಪುಸ್ತಕ ಕೊಟ್ಟು "ನೀವ ಸಂಭಾಳಸ್ರಿ" ಅನ್ನುತ್ತೀರಿ. ಅವರಿಗೆ ಒಂದು ದಿನದ ತರಬೇತಿಯನ್ನೂ ಕೊಡಿಸುವುದಿಲ್ಲ. ಮೇ ತಿಂಗಳ 10 ದಿನ ವಿಬಿಎಸ್ ಜೋರಾಗಿ ಮಾಡುತ್ತೇವೆ. ಹಾಡು, ಆಕ್ಷನ್, ಶರಬತ್ತು. ಅಕ್ಕಪಕ್ಕದ ಓಣಿಯ ಮಕ್ಕಳೂ ಖುಷಿಯಿಂದ ಬರುತ್ತಾರೆ. ಆ ಹಾಡುಗಳು ವರ್ಷಪೂರ್ತಿ ಅವರ ಬಾಯಲ್ಲಿರುತ್ತವೆ, ನನಗದು ತುಂಬಾ ಇಷ್ಟ. ಉಳಿದ 50 ವಾರಗಳಿಗೂ ಅದರ ಅರ್ಧದಷ್ಟಾದರೂ ಮನಸ್ಸು ಕೊಡಿ. ಒಂದು ಕೋಣೆ ಕೊಡಿ. ತಂದೆತಾಯಂದಿರೇ, ಮನೆಗೆ ಬಂದ ಮಗುವನ್ನು "ವಾಕ್ಯ ಒಪ್ಪಿಸಿದಿಯಾ" ಅಂತ ಕೇಳುವ ಮೊದಲು "ಇವತ್ತು ಏನು ಕೇಳಿದೆ" ಅಂತ ಕೇಳಿ ನೋಡಿ.

ಹೋದ ಭಾನುವಾರ ಬಾಟಲಿಯಲ್ಲಿ ಒಂದೇ ಚೀಟಿ ಇತ್ತು. ಕನ್ನಡದಲ್ಲಿ ಬರೆದಿದ್ದರು. ಎರಡು ಕಡೆ ಹೊಡೆದು ತಿದ್ದಿದ್ದಾರೆ, ಸ್ವರ್ಗ ಅನ್ನುವುದು "ಸರ್ವಗ" ಆಗಿದೆ. "ನನ್ನ ಬೆಸ್ಟ್ ಫ್ರೆಂಡ್ ಮುಸ್ಲಿಂ. ಅವಳು ನನಗೆ ದಿನಾ ಡಬ್ಬಿಯಲ್ಲಿ ಪಾಲು ಕೊಡ್ತಾಳೆ. ಅವಳು ಸರ್ವಗಕ್ಕೆ ಬರಲ್ವಾ?"

ಮೊದಲಾಗಿದ್ದರೆ ಒಂದು ವಾಕ್ಯ ಹೇಳಿ ಮುಗಿಸಿಬಿಡುತ್ತಿದ್ದೆ. ಈ ಸಲ ಚೀಟಿಯನ್ನು ಸತ್ಯವೇದದೊಳಗೆ ಇಟ್ಟುಕೊಂಡು 4 ದಿನ ಓಡಾಡಿದೆ. ನಿನ್ನೆ ಸಂಜೆ ಪಾಸ್ಟರ್ ಮನೆಗೆ ಹೋಗಿ ತೋರಿಸಿದೆ. ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಈ ವಾರ ಪ್ರಸಂಗ ಸ್ವಲ್ಪ ಲಗೂನ ಮುಗಸ್ತೀನ್ರಿ. ನಾನೂ ಬಂದು ಚಾಪಿ ಮ್ಯಾಲೆ ಕುಂದರ್ತೀನಿ" ಅಂದರು.