ದೊಡ್ಡಮ್ಮನ ತವರನ್ನು ಮಾಯ ಮಾಡಿದ ಫಿಲ್ಟರ್

ಮದುವೆಗೆ ಕರೆಯಬೇಕಾದವರ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನೋಟ್‌ಬುಕ್ಕಿನಲ್ಲಿ ಒಬ್ಬರ ಹೆಸರು ಬಿಟ್ಟುಹೋದರೆ ‘ಮರೆತೇಹೋಯಿತು’ ಎಂದು ಕೈಮುಗಿಯಬಹುದಿತ್ತು. ಸ್ಪ್ರೆಡ್‌ಶೀಟಿನಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಹೆಸರು ಇರುತ್ತದೆ, ಕಾಣುವುದಿಲ್ಲ. ಬಂಧುಗಳ ಕಣ್ಣಿನಲ್ಲಿ ಇದು ಮರೆವಿಗಿಂತ ದೊಡ್ಡ ಅಪರಾಧ.

ನಮ್ಮ ಚಿಕ್ಕಪ್ಪ ಬ್ಯಾಂಕಿನಿಂದ ನಿವೃತ್ತರಾದವರು. ಮಗಳ ಮದುವೆ ನಿಶ್ಚಯವಾದ ರಾತ್ರಿಯೇ ಗೂಗಲ್ ಶೀಟ್ಸ್‌ನಲ್ಲಿ ಹೆಸರು, ಊರು, ಯಾರ ಕಡೆ, ಎಷ್ಟು ಜನ, ಕರೆದಾಯಿತೇ ಎಂದು ಕಾಲಂ ಹಾಕಿ, ಅದರ ಲಿಂಕನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿದರು. ತಿದ್ದುವ ಅಧಿಕಾರ ಎಲ್ಲರಿಗೂ ಇತ್ತು, ಬೀಗರಿಗೂ. ಆಲಿಕೆಯಂಥ ಫಿಲ್ಟರ್ ಗುರುತು ಚಿಕ್ಕಪ್ಪನ ಕಣ್ಣಿಗೆ ಬೀಳುವವರೆಗೂ ಈ ಪ್ರಜಾಪ್ರಭುತ್ವ ಚೆನ್ನಾಗಿಯೇ ನಡೆದಿತ್ತು.

ಭಾನುವಾರ ಮೈಸೂರಿನವರನ್ನು ಕರೆದು ಬರೋಣವೆಂದು ಊರಿನ ಕಾಲಂನಲ್ಲಿ ‘ಮೈಸೂರು’ ಒಂದಕ್ಕೇ ಟಿಕ್ ಹಾಕಿದರು. ಟಿಕ್ ಇಲ್ಲದ ಸಾಲುಗಳನ್ನೆಲ್ಲ ಫಿಲ್ಟರ್ ಮರೆಮಾಡುತ್ತದೆ. ಆದರೆ ಪಟ್ಟಿಯಲ್ಲಿ ಮೈಸೂರು ಒಂದೇ ಇರಲಿಲ್ಲ. ಅತ್ತೆ ಕನ್ನಡದಲ್ಲಿ ಬರೆದಿದ್ದರು. ಅವರ ಮಗ 2014ರ ನವೆಂಬರ್ 1ರ ನಂತರದ ಇಂಗ್ಲಿಷ್ ಕಾಗುಣಿತದಲ್ಲಿ. ಮಾವ ಅದಕ್ಕೂ ಹಿಂದಿನ ಕಾಗುಣಿತದಲ್ಲಿ. ಸರ್ಕಾರ ಹೆಸರು ಬದಲಿಸಿದ್ದು ಮಾವನಿಗೆ ಗೊತ್ತು, ಒಪ್ಪಿಗೆಯಿಲ್ಲ ಅಷ್ಟೆ. ಫಿಲ್ಟರಿಗೆ ಇವು ಮೂರು ಬೇರೆ ಬೇರೆ ಊರು. ಹೀಗಾಗಿ ಕುವೆಂಪುನಗರದ ಒಂದೇ ಬೀದಿಯಲ್ಲಿ ಒಂದು ಮನೆಗೆ ಅಕ್ಷತೆ ಬಂತು, ಪಕ್ಕದ ಮನೆಯವರು ಕಿಟಕಿಯಿಂದ ನೋಡಿದರು.

ಅತ್ತ ತಿಪಟೂರಿನಲ್ಲಿ ದೊಡ್ಡಮ್ಮ ಪಟ್ಟಿ ತೆರೆದರು. ತವರಿನವರು ಒಬ್ಬರೂ ಇಲ್ಲ! ಇಂಥ ಹಂಚಿಕೊಂಡ ಹಾಳೆಯಲ್ಲಿ ತಿದ್ದುವ ಅಧಿಕಾರವಿರುವವರು ಸಾದಾ ಫಿಲ್ಟರ್ ಹಾಕಿದರೆ ಎಲ್ಲರ ಪರದೆಯಲ್ಲೂ ಅದೇ ಕಾಣುತ್ತದೆ. ಚಿಕ್ಕಪ್ಪ ಅದನ್ನು ತೆಗೆಯದೆಯೇ ಲ್ಯಾಪ್‌ಟಾಪ್ ಮುಚ್ಚಿದ್ದರು. ದೊಡ್ಡಮ್ಮ ಫೋನು ಮಾಡಿ, “ನಲವತ್ತು ವರ್ಷ ಈ ಮನೆಗೆ ದುಡಿದದ್ದಕ್ಕೆ ಇದೇನಪ್ಪಾ ಮರ್ಯಾದೆ?” ಎಂದು ಕೇಳಿದರು. “ಅತ್ತಿಗೆ, ಅಳಿಸಿಲ್ಲ, ಮರೆಯಾಗಿದ್ದಾರೆ ಅಷ್ಟೆ. ಎಡಗಡೆಯ ಸಾಲಿನ ಸಂಖ್ಯೆ ನೋಡಿ, ಏಳಾದ ಮೇಲೆ ನೇರವಾಗಿ ಇಪ್ಪತ್ಮೂರು ಇದೆಯಲ್ಲ? ನಡುವೆ ಇರುವವರೇ ನಿಮ್ಮವರು,” ಎಂದು ಚಿಕ್ಕಪ್ಪ ವಿವರಿಸಿದರು. ತಾಂತ್ರಿಕವಾಗಿ ನೂರಕ್ಕೆ ನೂರು ಸರಿಯಾದ ಈ ಉತ್ತರದಿಂದ ಜಗಳ ಮತ್ತೊಂದು ವಾರ ಬೆಳೆಯಿತು.

ಅಷ್ಟರಲ್ಲಿ ಅಡುಗೆ ಭಟ್ಟರು ವರಪೂಜೆಯ ಊಟದ ಲೆಕ್ಕ ಕೇಳಿದರು. ಚಿಕ್ಕಪ್ಪ ಬೀಗರ ಕಡೆಯವರನ್ನು ಮಾತ್ರ ಸೋಸಿ, ಮೇಲಿದ್ದ ಮೊತ್ತವನ್ನು ಓದಿ ಹೇಳಿದರು: “640.” ಭಟ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸ್ವಾಮಿ, ಛತ್ರದಲ್ಲಿ ಅಷ್ಟು ಎಲೆ ಹಾಕುವುದಾದರೆ ವರನನ್ನು ಬೀದಿಯಲ್ಲಿ ಕೂರಿಸಬೇಕಾಗುತ್ತದೆ,” ಎಂದರು. ‘ಸಮ್’ ಸೂತ್ರಕ್ಕೆ ಫಿಲ್ಟರಿನ ಗೊಡವೆಯಿಲ್ಲ, ಮರೆಯಾದ ಸಾಲುಗಳನ್ನೂ ಕೂಡಿಸುತ್ತದೆ. ಕಣ್ಣಿಗೆ ಕಾಣುವವರನ್ನಷ್ಟೇ ಎಣಿಸಬೇಕಾದರೆ ‘ಸಬ್‌ಟೋಟಲ್’ ಬೇಕು, ಅದಕ್ಕೆ 9 ಎಂಬ ಅಂಕಿಯನ್ನು ಕೊಡಬೇಕು. ವಧುವೇ ಮೆಹಂದಿ ಕೈಯಲ್ಲಿ ಒಂದು ಬೆರಳಿನಿಂದ ಅದನ್ನು ಸರಿಪಡಿಸಿದಳು. 210 ಬಂತು.

ಅವಳೇ ಇನ್ನೊಂದು ಉಪಾಯವನ್ನೂ ಹೇಳಿಕೊಟ್ಟಳು: ‘ಫಿಲ್ಟರ್ ವ್ಯೂ’. ಅವರವರ ಸೋಸುವಿಕೆ ಅವರವರ ಪರದೆಗೆ, ಯಾರಿಗೂ ತೊಂದರೆಯಿಲ್ಲ. ದೊಡ್ಡಪ್ಪ ಉತ್ಸಾಹದಿಂದ ತಮ್ಮದೊಂದನ್ನು ಮಾಡಿಕೊಂಡು, ಅದಕ್ಕೆ ‘ಬರದಿದ್ದರೂ ಪರವಾಗಿಲ್ಲ’ ಎಂದು ಹೆಸರಿಟ್ಟು ಉಳಿಸಿದರು. ಹೀಗೆ ಉಳಿಸಿದ ವ್ಯೂಗಳ ಹೆಸರು ಹಾಳೆಯನ್ನು ತೆರೆದವರಿಗೆಲ್ಲ ಮೆನುವಿನಲ್ಲಿ ಕಾಣುತ್ತದೆ ಎಂದು ಅವಳು ಹೇಳಿರಲಿಲ್ಲ.

ಬೀಗರು ಒಂದು ಮಾತನ್ನೂ ಆಡಲಿಲ್ಲ. ಮರುದಿನ ಮೆನುವಿನಲ್ಲಿ ಅವರದೂ ಒಂದು ವ್ಯೂ ಇತ್ತು: ‘ಮೊದಲ ಪಂಕ್ತಿಯಲ್ಲಿ ಕೂರಬೇಕಾದವರು’. ತೆರೆದು ನೋಡಿದರೆ, ದೊಡ್ಡಪ್ಪನ ಪಟ್ಟಿಯಲ್ಲಿದ್ದವರೇ, ಒಬ್ಬರೂ ಬಿಡದಂತೆ.