ಸತ್ಯಾಂಶ: ಬಲ್ಬು ಬದಲಿಸಿದರೆ ದೇಶದ ಕರೆಂಟ್ ಉಳಿಯುತ್ತದಾ?

"ಎಲ್‌ಇಡಿ ಬಲ್ಬೆಲ್ಲ ಸುಮ್ನೆ ಪ್ರಚಾರ. ದೇಶಕ್ಕೆ ಕರೆಂಟ್ ಬೇಕಾದರೆ ಸ್ಥಾವರ ಕಟ್ಟಬೇಕು, ಅಷ್ಟೇ." ಈ ಸಂದೇಶ ನಿಮಗೂ ಬಂದಿರಬಹುದು. ಇದು ಅರ್ಧ ಮಾತ್ರ ನಿಜ.

ಹಳೆಯ 60 ವ್ಯಾಟ್ ಬಲ್ಬಿನಷ್ಟೇ ಬೆಳಕನ್ನು ಸುಮಾರು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಉಳಿದದ್ದು 51 ವ್ಯಾಟ್. ಒಂದು ಮನೆಗೆ ಇದು ಚಿಲ್ಲರೆ, ಅಲ್ವಾ? ಆದರೆ ಸಂಜೆ ಏಳಕ್ಕೆ ಒಂದು ಕೋಟಿ ಮನೆಗಳಲ್ಲಿ ಇಂಥ ಒಂದೊಂದು ಬಲ್ಬು ಒಟ್ಟಿಗೆ ಉರಿಯುತ್ತಿದೆ ಅಂದುಕೊಳ್ಳಿ. ಉಳಿತಾಯ 510 ಮೆಗಾವ್ಯಾಟ್! ಕಲ್ಲಿದ್ದಲು ಸ್ಥಾವರದ ಒಂದು ದೊಡ್ಡ ಘಟಕದಷ್ಟು. ತಂತಿಯಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ ಇನ್ನೂ ಜಾಸ್ತಿ.

ಎಷ್ಟು ಸ್ಥಾವರ ಬೇಕು ಅನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಬೇಡಿಕೆ ತುದಿ ಮುಟ್ಟುವ ಇಂಥ ಗಂಟೆಗಳೇ. ಸ್ಥಾವರ ಏಳಲು ವರ್ಷಗಳು ಬೇಕು. ಅದಕ್ಕೇ ಯೋಜನೆ ಮಾಡುವವರು ಹತ್ತಿಪ್ಪತ್ತು ವರ್ಷ ಮುಂದೆ ನೋಡುತ್ತಾರೆ. ಒಳ್ಳೆಯ ಯೋಜನೆಯಲ್ಲಿ ಒಂದು ಯೂನಿಟ್ ಉತ್ಪಾದಿಸುವ ಖರ್ಚನ್ನೂ ಒಂದು ಯೂನಿಟ್ ಉಳಿಸುವ ಖರ್ಚನ್ನೂ ಪಕ್ಕಪಕ್ಕದಲ್ಲಿಟ್ಟು ತೂಗುತ್ತಾರೆ.

ಹಾಗಂತ ಹೊಸ ಸ್ಥಾವರವೇ ಬೇಡ ಅನ್ನುವುದೂ ತಪ್ಪು. ಹಳೆಯವು ಮುಚ್ಚುತ್ತವೆ, ಬಳಕೆಯೂ ಬೆಳೆಯುತ್ತದೆ. ಕರೆಂಟ್ ಕಡಿಮೆ ತಿನ್ನುತ್ತದೆ ಅಂತ ದೀಪ ಆರಿಸದೆ ಬಿಡುವವರೂ ಇದ್ದಾರೆ (ನಾನೂ ಒಬ್ಬ). ಉಳಿತಾಯದ ಲೆಕ್ಕದಲ್ಲಿ ಅದನ್ನೂ ಕಳೆಯಲೇಬೇಕು.