ಮಾವಿನ ಚಿಗುರಿಗೆ ಯಾವ ಬಣ್ಣ?

ಹೋದ ವಾರ ನನ್ನ ಮಗಳು ಹೊಸ ಪುಸ್ತಕದ ಒಂದು ಪುಟದ ತುಂಬ ಕಂದು ಕ್ರೇಯಾನ್ ಉಜ್ಜಿಟ್ಟಿದ್ದಳು. ನಾಲ್ಕೂವರೆ ವರ್ಷ ಅವಳಿಗೆ. ಪುಸ್ತಕದ ಮೇಲೆ ಗೀಚಬಾರದು ಅಂತ ನೂರು ಸಲ ಹೇಳಿದ್ದೇನೆ. ಬೈಯೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು: "ಇವ್ರಿಗೆ ಗೊತ್ತಿಲ್ಲ ಅಮ್ಮ. ಅದಕ್ಕೆ ನಾನೇ ಸರಿ ಮಾಡ್ದೆ."

ನೋಡಿದೆ. ವಸಂತದ ಬಗ್ಗೆ ಪುಟ್ಟ ಮಕ್ಕಳಿಗೆ ಅಂತ ಮಾಡಿದ ಕನ್ನಡದ ಚಿತ್ರಪುಸ್ತಕ. ಅದರಲ್ಲಿ ಮಾವು ಚಿಗುರುವ ಪುಟ. ಲಾಲಿಪಾಪ್ ಥರದ ಒಂದು ಮರ, ಮರದ ತುಂಬ ಗಿಳಿಹಸಿರು ಎಲೆ. ಎಲ್ಲ ಎಲೆಗೂ ಒಂದೇ ಅಳತೆ, ಒಂದೇ ಓರೆ. ಒಂದು ಎಲೆ ಬರೆದು ಮಿಕ್ಕಿದ್ದನ್ನು ಕಾಪಿ ಪೇಸ್ಟ್ ಮಾಡಿದ್ದು ನನಗೂ ಕಾಣುತ್ತಿತ್ತು.

ಫೆಬ್ರವರಿಯಲ್ಲಿ ಅಜ್ಜಿ ಮನೆಗೆ ಹೋಗಿದ್ದಾಗ ಇವಳು ಹಿತ್ತಲ ಮಾವಿನ ಮರದ ಕೆಳಗೊಂಬೆ ಬಗ್ಗಿಸಿಕೊಂಡು ಚಿಗುರನ್ನು ಕೆನ್ನೆಗೆ ಉಜ್ಜಿಕೊಂಡಿದ್ದಳು. ಮಾವಿನ ಎಳೆ ಎಲೆ ಹೇಗಿರುತ್ತದೆ, ನೆನಪಿದೆಯಾ? ತಾಮ್ರದ ಬಣ್ಣ. ಕೆಲವು ಮರದಲ್ಲಿ ಚಾಕೊಲೇಟ್‌ಗೆ ಹತ್ತಿರ. ನೆಟ್ಟಗೆ ನಿಲ್ಲುವುದಿಲ್ಲ, ಹಿಂಡದೆ ಒಣಹಾಕಿದ ಬಟ್ಟೆಯ ಹಾಗೆ ಜೋತು ಬಿದ್ದಿರುತ್ತದೆ. ಮುಟ್ಟಿದರೆ ಅಜ್ಜಿಯ ಹಳೇ ರೇಷ್ಮೆ ಸೀರೆಯ ಸೆರಗು ಮುಟ್ಟಿದ ಹಾಗೆ. ಎಲೆಗೆ ಹಸಿರು ತುಂಬುವ ಮೊದಲು ಆಂಥೋಸಯನಿನ್ ಅನ್ನುವ ಕೆಂಪು ವಸ್ತು ಇರುತ್ತದೆ, ಬಿಸಿಲಿನ ಹೊಡೆತದಿಂದ, ಎಲೆ ತಿನ್ನೋ ಹುಳುಗಳಿಂದ ಅದು ಎಳೆಯದನ್ನು ಕಾಯುತ್ತದೆ ಅಂತ ಗಿಡಮರ ಓದಿದವರು ಹೇಳುತ್ತಾರೆ. ಅರಳಿಯ ಚಿಗುರೂ ಕೆಂಪೇ. ಮಗಳಿಗೆ ಇದೆಲ್ಲ ಬೇಕಿಲ್ಲ. ಅವಳು ಮರ ನೋಡಿದ್ದಾಳೆ, ಅಷ್ಟೇ. ಪುಸ್ತಕ ಮಾಡಿದವರು ನೋಡಿಲ್ಲ.

ಬೈಯಲಿಲ್ಲ.

ಮಕ್ಕಳ ಪುಸ್ತಕದ ಮಾತು ಬಂದಾಗಲೆಲ್ಲ ನಾವು ಒಂದೇ ದೂರು ಹೇಳುತ್ತೇವೆ. ನಮ್ಮ ಮಕ್ಕಳು ಓದೋದು ವಿದೇಶದ ವಸಂತ, ಅದರಲ್ಲಿ ಹಿಮ ಕರಗುತ್ತದೆ, ಟುಲಿಪ್ ಅರಳುತ್ತದೆ, ಮೊಲ ಜಿಗಿಯುತ್ತದೆ ಅಂತ. ನಾನೂ ವರ್ಷಗಟ್ಟಲೆ ಇದನ್ನೇ ಹೇಳಿಕೊಂಡು ಓಡಾಡಿದವಳು. ಈಗ ಸ್ವಲ್ಪ ಬೇರೆ ಥರ ಅನಿಸುತ್ತಿದೆ. ನಮ್ಮ ಮನೆಯಲ್ಲೂ ಅಂಥದ್ದೊಂದು ಪುಸ್ತಕ ಇದೆ, ಅಮೆರಿಕದಿಂದ ನೆಂಟರು ತಂದುಕೊಟ್ಟಿದ್ದು. ಅದರಲ್ಲಿ ಕರಗುವ ಹಿಮ ಬೆಳ್ಳಗಿಲ್ಲ. ಅಂಚೆಲ್ಲ ಕೊಳಕು, ಕೆಸರು ಮೆತ್ತಿಕೊಂಡಿದೆ, ನಡುವೆ ಹೋದ ವರ್ಷದ ಕೊಳೆತ ಎಲೆ, ಅದರ ಸಂದಿಯಿಂದ ಹುಲ್ಲಿನ ಒಂದು ಮೊನೆ. ಚಿತ್ರ ಬರೆದವರು ಚಳಿಯಲ್ಲಿ ಮಂಡಿಯೂರಿ ಕೂತು ನೋಡಿದ್ದಾರೆ ಅಂತ ಗೊತ್ತಾಗುತ್ತದೆ. ಹಿಮವನ್ನೇ ಕಾಣದ ನನ್ನ ಮಗಳು ಆ ಪುಟದಲ್ಲಿ ಐದು ನಿಮಿಷ ನಿಲ್ಲುತ್ತಾಳೆ. ನಮ್ಮದೇ ಮಾವಿನ ಮರದ ಪುಟವನ್ನು ಐದು ಸೆಕೆಂಡಿಗೆ ತಿರುಗಿಸುತ್ತಾಳೆ, ಇಲ್ಲಾಂದ್ರೆ ಹೀಗೆ ತಿದ್ದುತ್ತಾಳೆ.

ನನ್ನ ತಕರಾರು ಹಿಮದ ಮೇಲಲ್ಲ, ನಮ್ಮ ಸೋಮಾರಿತನದ ಮೇಲೆ.

ನಮ್ಮ ವಸಂತ ಇದೆಯಲ್ಲ, ಅದು ಬಹಳ ವಿಚಿತ್ರ ಕಾಲ. ಶಾಲೆ ಗೋಡೆಯ ಚಾರ್ಟ್‌ನಲ್ಲಿ ಸ್ಪ್ರಿಂಗ್, ಸಮ್ಮರ್, ಆಟಮ್, ವಿಂಟರ್ ಅಂತ ನಾಲ್ಕು ಚೌಕ ಇರುತ್ತವೆ. (ಮಳೆಗಾಲಕ್ಕೆ ಚೌಕವೇ ಇಲ್ಲ! ನಮ್ಮ ದೇಶದಲ್ಲಿ!) ಒಂದು ಚೌಕದಲ್ಲಿ ಎಲೆ ಉದುರುತ್ತದೆ, ಇನ್ನೊಂದರಲ್ಲಿ ಚಿಗುರುತ್ತದೆ, ನಡುವೆ ಉದ್ದದ ಚಳಿಗಾಲ. ಇಲ್ಲಿ ಹಾಗಲ್ಲ. ನಮ್ಮ ಗೇಟಿನ ಮುಂದಿನ ಹೊಂಗೆ ಮರವನ್ನೇ ತಗೊಳ್ಳಿ. ಜನವರಿ ಕೊನೆಗೆ ಎಲೆ ಹಳದಿಯಾಗಿ ಉದುರಲು ಶುರು. ಬೆಳಗ್ಗೆ ಗುಡಿಸಿದವರು ಮಧ್ಯಾಹ್ನ ಮತ್ತೆ ಗುಡಿಸಬೇಕು. ಬೋಳಾಗಿ ನಿಂತಿದ್ದು ಕೆಲವೇ ದಿನ. ನೋಡನೋಡುತ್ತಾ ಎಣ್ಣೆ ಹಚ್ಚಿದ ಹಾಗೆ ಮಿರುಗುವ ಎಳೆಹಸಿರು. ಯುಗಾದಿ ಹೊತ್ತಿಗೆ ಇಡೀ ಮರ ಬೆಳಗುತ್ತಿರುತ್ತದೆ. ಆಮೇಲೆ ಹೂ. ಮರದಲ್ಲಿ ಅಷ್ಟಾಗಿ ಕಣ್ಣಿಗೆ ಬೀಳೋದಿಲ್ಲ, ನೆಲದ ಮೇಲೆ ಮಂಡಕ್ಕಿ ಚೆಲ್ಲಿದ ಹಾಗೆ ಕಾಣುತ್ತದೆ. ಪಕ್ಕದ ಮರ ಇನ್ನೂ ಉದುರಿಸುತ್ತಿರುವಾಗ ಇದು ಚಿಗುರಿ ಕೂತಿರುತ್ತದೆ. ಇದೆಲ್ಲ ಆಗೋದು ಒಂದು ಹನಿ ಮಳೆ ಇಲ್ಲದ, ನೆಲ ಕಾದ ಹೆಂಚಾದ ಕಾಲದಲ್ಲಿ. ನೀರು ಎಲ್ಲಿಂದ ಬರುತ್ತದೆ? ಆಳದ ಬೇರಿನಿಂದ, ಕಾಂಡದಲ್ಲಿ ಉಳಿಸಿಟ್ಟುಕೊಂಡಿದ್ದರಿಂದ. ಹಗಲು ಉದ್ದವಾಗುತ್ತಾ ಬಂದರೆ ಎಷ್ಟೋ ಮರಗಳಿಗೆ ಅದೇ ಸುಳಿವು. ಮಳೆ ಬರುವಷ್ಟರಲ್ಲಿ ಎಲೆ ಬಲಿತು ರೆಡಿ ಇರುತ್ತದೆ. ಬರಗಾಲದಲ್ಲಿ ಚಿಗುರುವ ಮರದ ಕತೆ! ಇದಕ್ಕಿಂತ ಒಳ್ಳೆ ಕತೆ ಬೇಕಾ? ಆದರೆ ನಮ್ಮ ಪುಸ್ತಕದಲ್ಲಿ ವಸಂತ ಅಂದರೆ ತಂಪು ಗಾಳಿ, ಹಸಿರು ಹುಲ್ಲು, ನಗುವ ಸೂರ್ಯ. ಮಾರ್ಚ್ ಕೊನೆಯಲ್ಲಿ ಕಲಬುರಗಿ ಕಡೆಯ ಮಗುವಿಗೆ ಈ ಪುಸ್ತಕ ಕೊಟ್ಟು ನೋಡಿ, ಸೂರ್ಯ ಹೇಗೆ ನಗುತ್ತಾನೆ ಅಂತ ಅದೇ ಹೇಳುತ್ತದೆ.

ಕೋಗಿಲೆಯ ವಿಷಯ ಇನ್ನೂ ತಮಾಷೆ. ಎಷ್ಟು ಪುಸ್ತಕಗಳಲ್ಲಿ ಕೋಗಿಲೆಗೆ ರೆಪ್ಪೆಗೂದಲು, ಬಿಂದಿ ಇಟ್ಟು ಹಾಡುವ ಹೆಣ್ಣು ಮಾಡಿದ್ದಾರೋ! ಕುಹೂ ಅಂತ ಕೂಗೋದು ಗಂಡು. ಕಪ್ಪು ಮೈ, ಕೆಂಪು ಕಣ್ಣು. ಹೆಣ್ಣಿನದು ಕಂದು ಮೈ, ತುಂಬ ಬಿಳಿ ಚುಕ್ಕೆ. ಅದು ಕಾಗೆ ಗೂಡಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಚುಕ್ಕೆ ಹಕ್ಕಿ ತೋರಿಸಿ ಇದೂ ಕೋಗಿಲೆಯೇ ಅಂದರೆ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು.

ಭಾಷೆಯ ವಿಚಾರಕ್ಕೆ ಬಂದರೆ ನನಗೆ ಹೊಟ್ಟೆ ಉರಿಯುತ್ತದೆ. ಮಾವಿಗೇ ಎಷ್ಟು ಮಾತಿದೆ ನಮ್ಮಲ್ಲಿ! ಚಿಗುರು, ಹೂ, ಮಿಡಿ, ಹೀಚು, ಕಾಯಿ, ದೋರೆಗಾಯಿ, ಹಣ್ಣು. ಒಂದೊಂದಕ್ಕೂ ಒಂದೊಂದು ರುಚಿ, ಒಂದೊಂದು ಕೆಲಸ. ಮಿಡಿ ಉಪ್ಪಿನಕಾಯಿಗೆ, ಕಾಯಿ ಚಿತ್ರಾನ್ನಕ್ಕೆ, ದೋರೆಗಾಯಿ ಉಪ್ಪು ಖಾರ ಹಚ್ಚಿ ತಿನ್ನೋಕೆ. ಮಲೆನಾಡಿನವರ ಮುಂದೆ ಅಪ್ಪೆಮಿಡಿ ಅಂತ ಹೇಳಿ ನೋಡಿ, ಮಾತು ರಾತ್ರಿವರೆಗೂ ಮುಗಿಯಲ್ಲ. ಈ ಏಳು ಮಾತು ಏಳು ಪುಟ ಆಗುತ್ತದೆ, ಬೇರೆ ಕತೆಯೇ ಬೇಡ. ಆದರೆ ಪುಸ್ತಕದಲ್ಲಿ ಇರೋದು "ಸುಂದರ ಪ್ರಕೃತಿ", "ರಮಣೀಯ ಹೂಗಳು". ನಾಲ್ಕು ವರ್ಷದ ಮಗು ರಮಣೀಯ ಅಂತ ಯಾರ ಹತ್ತಿರ ಮಾತಾಡಬೇಕು?

ಕೊನೆಯ ಪುಟದಲ್ಲಿ ತಪ್ಪದೆ ಒಂದು ಬೋಧನೆ ಇರುತ್ತದೆ. ಮರ ಕಡಿಯಬೇಡಿ, ಪರಿಸರ ಉಳಿಸಿ. ನನ್ನ ಮಗಳು ಇದುವರೆಗೆ ಒಂದು ಮರವನ್ನೂ ಕಡಿದಿಲ್ಲ. ಕಡಿಯುವವರು ಚಿತ್ರಪುಸ್ತಕ ಓದುವುದಿಲ್ಲ.

ಎಲ್ಲ ಕೆಟ್ಟದು ಅಂತಲ್ಲ. 2004ರಲ್ಲಿ ಶುರುವಾದ ಬೆಂಗಳೂರಿನ ಪ್ರಕಾಶನ ಸಂಸ್ಥೆ ಪ್ರಥಮ್ ಬುಕ್ಸ್ ಇಲ್ಲದಿದ್ದರೆ ನಮ್ಮ ಎಷ್ಟೋ ಮಕ್ಕಳ ಕೈಗೆ ಕನ್ನಡದ ಚಿತ್ರಪುಸ್ತಕವೇ ಬರುತ್ತಿರಲಿಲ್ಲ. 2015ರಿಂದ ಅವರ ಜಾಲತಾಣ ಸ್ಟೋರಿವೀವರ್‌ನಲ್ಲಿ ಯಾರು ಬೇಕಾದರೂ ಕತೆ ಓದಬಹುದು, ಅನುವಾದ ಮಾಡಬಹುದು, ಇಳಿಸಿಕೊಂಡು ಪ್ರಿಂಟ್ ಹಾಕಬಹುದು, ಎಲ್ಲ ಪುಕ್ಕಟೆ. ನಾನೇ ಬೇಕಾದಷ್ಟು ಇಳಿಸಿಕೊಂಡಿದ್ದೇನೆ. ಆದರೆ ಅನುವಾದದಲ್ಲಿ ಒಂದು ತೊಡಕಿದೆ. ಮಾತು ಕನ್ನಡಕ್ಕೆ ಬರುತ್ತದೆ, ಚಿತ್ರ ಅಲ್ಲೇ ಉಳಿಯುತ್ತದೆ. ಬೇರೆ ಊರಿನ ಹೂವಿಗೆ "ಹಳದಿ ಹೂ" ಅಂತ ಬರೆದು ಕೈತೊಳೆದುಕೊಂಡರೆ, ಹೆಸರಿಲ್ಲದ ಹೂ ಅದು. ಹೆಸರು ಹೇಳಿ. ಡ್ಯಾಫೊಡಿಲ್ ಅಂದರೆ ಡ್ಯಾಫೊಡಿಲ್. ಮಕ್ಕಳು ಡೈನೊಸಾರ್‌ಗಳ ಹೆಸರನ್ನೇ ಬಾಯಿಪಾಠ ಮಾಡಿಬಿಡುತ್ತಾರೆ, ಅಲ್ವಾ?

ನಮ್ಮದು, ಅವರದು ಅಂತ ತೀರಾ ಗೆರೆ ಎಳೆಯೋದಕ್ಕೂ ನನಗೆ ಇಷ್ಟವಿಲ್ಲ. ಬೆಂಗಳೂರಿನವರ ಫೇಸ್‌ಬುಕ್ಕನ್ನು ವರ್ಷಾ ವರ್ಷಾ ಗುಲಾಬಿ ಮಾಡುವ ಟಬೆಬುಯಾ ಮಧ್ಯ, ದಕ್ಷಿಣ ಅಮೆರಿಕದ ಮರ. ಗುಲ್‌ಮೊಹರ್ ಮಡಗಾಸ್ಕರಿನದು. ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್ ಒಂದಾದ ಮೇಲೊಂದು ಹೂ ಬಿಡುವ ಹಾಗೆ ಮರ ನೆಡಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳ ಅವರು ಊರ ತುಂಬ ಲಕ್ಷಗಟ್ಟಲೆ ಗಿಡ ನೆಡಿಸಿದರು. ಬೆಂಗಳೂರಿನ ಮಗುವಿನ ವಸಂತದಲ್ಲಿ ಟಬೆಬುಯಾ ಇರಲೇಬೇಕು. ಮೆಲ್ಬರ್ನ್‌ನಲ್ಲಿರುವ ನನ್ನ ಗೆಳತಿಯ ಮಗನ ಕತೆ ಇನ್ನೂ ಬೇರೆ. ಅಲ್ಲಿ ಯುಗಾದಿ ಬರೋದೇ ಎಲೆ ಉದುರೋ ಕಾಲಕ್ಕೆ. ಬೇವು ಬೆಲ್ಲ ತಿಂದು ಹೊರಗೆ ಬಂದರೆ ಮರಗಳೆಲ್ಲ ಕೆಂಪಾಗಿ ಬೋಳಾಗುತ್ತಿರುತ್ತವೆ. ಅವನಿಗೊಂದು ಕನ್ನಡ ಪುಸ್ತಕ ಬೇಕು. ಯಾರು ಬರೆಯುತ್ತಾರೆ?

ಕಾಫಿ ಸೀಮೆಯವರನ್ನು ಕೇಳಿ. ಮಾರ್ಚ್ ಇಲ್ಲ ಏಪ್ರಿಲ್‌ನಲ್ಲಿ ಹೂಮಳೆ ಬೀಳಬೇಕು. ಬಿದ್ದ ಮೇಲೆ ಎಂಟು ಹತ್ತು ದಿನ ಕಾಯಬೇಕು. ಏನೂ ಆಗೋದಿಲ್ಲ, ಏನೂ ಆಗೋದಿಲ್ಲ, ಒಂದು ಬೆಳಗ್ಗೆ ಎದ್ದರೆ ಇಡೀ ತೋಟ ಬೆಳ್ಳಗೆ, ಮಲ್ಲಿಗೆ ಥರ ಘಮ. ಮೂರ್ನಾಲ್ಕು ದಿನಕ್ಕೆ ಎಲ್ಲ ಕಂದಿಹೋಗುತ್ತದೆ. ಚಿತ್ರಪುಸ್ತಕಕ್ಕೆ ಹೆಚ್ಚಾಗಿ 24 ಅಥವಾ 32 ಪುಟ ಇರುತ್ತದೆ. ಅದರಲ್ಲಿ ಹತ್ತು ಪುಟ ಸುಮ್ನೆ ಕಾಯುವುದನ್ನೇ ಬರೆಯುವ ಧೈರ್ಯ ಯಾರಿಗಾದರೂ ಇದ್ದರೆ ನಾನು ಮೂರು ಪ್ರತಿ ಕೊಳ್ಳುತ್ತೇನೆ.

ಅಲ್ಲಿವರೆಗೆ ಮನೆಯಲ್ಲೇ ಮಾಡೋಣ ಅಂತ ಶುರು ಮಾಡಿದ್ದೇವೆ. ಸೀಸನ್‌ವಾಚ್ ಅಂತ ಒಂದಿದೆ, ಮಕ್ಕಳೂ ದೊಡ್ಡವರೂ ಒಂದು ಮರ ಆರಿಸಿಕೊಂಡು ವಾರ ವಾರ ಅದರ ಎಲೆ, ಹೂ, ಕಾಯಿ ಹೇಗಿದೆ ಅಂತ ದಾಖಲಿಸುವ ಕೆಲಸ. ಉಪಾಯ ಅಲ್ಲಿಂದಲೇ ಕದ್ದಿದ್ದು. ಹಳೇ ಕ್ಯಾಲೆಂಡರ್ ಹಾಳೆಗಳ ಹಿಂಬದಿ, ಗೋಣಿದಾರದ ಹೊಲಿಗೆ. ಪ್ರತಿ ಭಾನುವಾರ ಗೇಟಿನ ಹೊಂಗೆಯ ಒಂದೇ ಕೊಂಬೆ ನೋಡಿ ಒಂದು ಪುಟ. ಚಿತ್ರ ಅವಳದು, ಅಕ್ಷರ ನನ್ನದು. ಮೊದಲ ಪುಟದಲ್ಲಿ ಹಳದಿ ಎಲೆ, ಪೊರಕೆ. ಮೂರನೆಯದರಲ್ಲಿ ಖಾಲಿ ಕೊಂಬೆ ಮತ್ತು ಯಾಕೋ ಒಂದು ಸ್ಕೂಟರ್. ಒಂದು ವಾರ ಮರೆತೆವು, ಆ ಪುಟ ಖಾಲಿಯೇ ಇದೆ.

ಮೊನ್ನೆಯ ಪುಟಕ್ಕೆ ಎಲೆಯನ್ನೇ ಅಂಟಿಸಿದೆವು. ಹೊಂಗೆ ಎಲೆಯ ಮೇಲೆ ಬೆಳ್ಳಗೆ ವಂಕಿ ವಂಕಿ ಗೆರೆ ಇರುತ್ತದೆ, ನೋಡಿರುತ್ತೀರಿ. ಎಲೆಯ ಎರಡು ಪದರದ ನಡುವೆ ಒಂದು ಪುಟಾಣಿ ಹುಳು ಕೊರೆದುಕೊಂಡು ಹೋದ ದಾರಿ ಅದು. ಅವಳು ಬೆರಳಿಟ್ಟು ಆ ದಾರಿಯಲ್ಲೇ ಹೋದಳು. ಶುರುವಿನಲ್ಲಿ ದಾರದಷ್ಟು ಸಣ್ಣ, ತಿರುಗುತ್ತಾ ತಿರುಗುತ್ತಾ ಅಗಲ.

"ಇಲ್ಲಿ ಯಾಕೆ ದಪ್ಪ?"

"ತಿಂದು ತಿಂದು ಹುಳ ದೊಡ್ಡದಾಯ್ತಲ್ಲ."

ಬೆರಳು ಗೆರೆಯ ಕೊನೆಗೆ ಬಂದು ನಿಂತಿತು. ಅಲ್ಲಿ ಹುಳ ಇರಲಿಲ್ಲ. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗೋಂದು ಇನ್ನೂ ಒಣಗದ ಎಲೆಯನ್ನು ಮೆಲ್ಲಗೆ ಕಿತ್ತು, ಮಗುಚಿ, ಹಿಂದೆ ಹುಡುಕತೊಡಗಿದಳು.